ಹೊಲಿಗೆ ಮಷೀನಿಗೆ ಬಿದ್ದ ಒಂದು ಓಟು

ನನ್ನ ಒಡಹುಟ್ಟಿದ ತಮ್ಮನಿಗೆ ನಾನು ಓಟು ಹಾಕಲಿಲ್ಲ. ಸಿಟ್ಟಿನಿಂದ ಹಾಕಲಿಲ್ಲ ಎಂದಿದ್ದರೆ ಅದಕ್ಕೊಂದು ಮರ್ಯಾದೆ ಇರುತ್ತಿತ್ತು. ಹೊಲದ ಪಾಲಿಗಾಗಿ ಜಗಳವಾಡಿ ಹಾಕಲಿಲ್ಲ ಎಂದಿದ್ದರೆ ಊರವರು ತಲೆದೂಗಿ ಒಪ್ಪಿಕೊಳ್ಳುತ್ತಿದ್ದರು. ನಾನು ಅವನಿಗೇ ಹಾಕಬೇಕೆಂದು ಹೊಸ ಸೀರೆ ಉಟ್ಟು, ದೇವರಿಗೆ ದೀಪ ಹಚ್ಚಿ, ಬಿಸಿಲಲ್ಲಿ ಪಾಳಿ ನಿಂತು, ಒಳಗೆ ಹೋಗಿ ಬೇರೊಬ್ಬನಿಗೆ ಹಾಕಿ ಬಂದೆ. ನಮ್ಮ ಸವಣೂರಿನ ಓಣಿಯಲ್ಲಿ ಇಂಥ ಕೆಲಸ ಮಾಡಿದವಳು ನಾನೊಬ್ಬಳೇ. ಇದು ನನ್ನ ಅಂದಾಜಲ್ಲ, ಸರ್ಕಾರದವರು ಎಣಿಸಿ ಹೇಳಿದ್ದು.

ನನ್ನ ಹೆಸರು ನೀಲವ್ವ. ನಾಲ್ಕನೆಯ ಇಯತ್ತೆಯವರೆಗೆ ಶಾಲೆ ಕಲಿತೆ. ಐದನೆಯದಕ್ಕೆ ಹೋಗುವ ಹೊತ್ತಿಗೆ ತಮ್ಮ ಹುಟ್ಟಿದ. ಅವನನ್ನು ಎತ್ತಿಕೊಂಡು ತಿರುಗುವ ಕೆಲಸ ನನಗೆ ಬಂತು, ಶಾಲೆ ಅಲ್ಲಿಗೆ ಮುಗಿಯಿತು. ಹುಲಗೂರಿನ ದರ್ಗಾಕ್ಕೆ ಅವ್ವ ಹರಕೆ ಹೊತ್ತು ಪಡೆದ ಮಗನಾದ್ದರಿಂದ ಫಕ್ಕೀರಪ್ಪ ಎಂದು ಹೆಸರಿಟ್ಟರು. ಮನೆಯಲ್ಲಿ ಪಕ್ಯಾ. ಶಾಸಕನಾದ ಮೇಲೂ ನನ್ನ ಬಾಯಲ್ಲಿ ಅವನು ಪಕ್ಯಾನೇ. ಒಮ್ಮೆ ದೊಡ್ಡ ಅಧಿಕಾರಿಗಳ ಎದುರಿಗೇ "ಏ ಪಕ್ಯಾ, ಮೂಗು ಒರಸ್ಕೋ" ಎಂದುಬಿಟ್ಟಿದ್ದೆ. ಅವನಿಗೆ ನೆಗಡಿಯಾಗಿತ್ತು, ನನಗೆ ರೂಢಿಯಾಗಿತ್ತು. ಈ ರೂಢಿ ಎನ್ನುವುದೇ ಮುಂದೆ ನನ್ನನ್ನು ಹಾಳು ಮಾಡಿತು.

ಪಕ್ಯಾ ಮೊದಲು ಸವಣೂರು, ಶಿಗ್ಗಾಂವಿ ಸುತ್ತಿನ ಹೊಲಗಳಲ್ಲಿ ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ತಂತಿ ಸುತ್ತಿ ಕೊಡುತ್ತಿದ್ದ. ಒಂದು ಮೋಟಾರು ತಿರುಗಿದರೆ ಒಂದು ಮನೆ ತನ್ನ ಕಡೆ ತಿರುಗಿತು ಎಂಬುದು ಅವನ ನಂಬಿಕೆ. ಆ ನಂಬಿಕೆಯ ಮೇಲೆ ಒಂದು ಪಕ್ಷದವರ ಹತ್ತಿರ ಟಿಕೆಟ್ ಕೇಳಲು ಹೋದ. ಅವರು ಚಹಾ ಕುಡಿಸಿ ಕಳಿಸಿದರು. ಇನ್ನೊಂದು ಪಕ್ಷದವರು ಚಹಾ ಸಹ ಕುಡಿಸಲಿಲ್ಲ. ಸಂಜೆ ನನ್ನ ಹೊಲಿಗೆ ಅಂಗಡಿಗೆ ಬಂದು ಕುಂತ.

"ಅಕ್ಕಾ, ನಾ ಪಕ್ಷೇತರ ನಿಲ್ತೇನಿ."

"ನಿಲ್ಲಪಾ. ಅದು ಯಾರ ಪಕ್ಷನೋ, ಒಳ್ಳೆ ಮಂದಿ ಅದಾರೇನು?"

"ಅದರಾಗ ನಾ ಒಬ್ಬವನ ಇರೂದವಾ!"

ಚುನಾವಣೆಯ ಚಿಹ್ನೆಗೆ ನಮ್ಮ ಕಡೆ ಗುರ್ತು ಎನ್ನುತ್ತಾರೆ. ಪಕ್ಷದವರಿಗೆ ಗುರ್ತು ಅಪ್ಪನ ಆಸ್ತಿಯ ಹಾಗೆ ಬರುತ್ತದೆ. ಪಕ್ಷೇತರನಿಗೆ ಅದು ಬಾಡಿಗೆ ಮನೆ. ಚುನಾವಣೆ ಮುಗಿದರೆ ಬಿಟ್ಟುಕೊಡಬೇಕು, ಮುಂದಿನ ಸಲ ಅದೇ ಸಿಗುತ್ತದೆಂದು ಹೇಳಲಾಗದು. ಆ ಸಲ ನಮ್ಮ ಪಕ್ಯಾನಿಗೆ ಬಂದ ಗುರ್ತು ಹೊಲಿಗೆ ಮಷೀನು. ಹೊಲಿಗೆಯವಳ ತಮ್ಮನಿಗೆ ಹೊಲಿಗೆ ಮಷೀನು! ನನ್ನ ಅಂಗಡಿಯ ಮಷೀನನ್ನೇ ಟ್ರ್ಯಾಕ್ಟರಿನ ಟ್ರೇಲರಿಗೆ ಏರಿಸಿದರು. ಅದರ ಮುಂದೆ ನನ್ನನ್ನು ಕೂರಿಸಿದರು. ದಾರವಿಲ್ಲದ ಸೂಜಿಯ ಕೆಳಗೆ ಬಟ್ಟೆಯಿಲ್ಲದೆ ಊರೂರು ತುಳಿದೆ. ಅಳತೆ ಕೊಡಲು ಬಂದ ಹೆಂಗಸರಿಗೆಲ್ಲ, ಟೇಪು ಅವರ ಮೈಮೇಲಿರುವಾಗಲೇ, "ಗುರ್ತು ನೆನಪೈತಿಲ್ಲ?" ಎಂದು ಕೇಳುತ್ತಿದ್ದೆ. ಟೇಪಿನ ಹಿಡಿತದಲ್ಲಿರುವವರು ಇಲ್ಲ ಎನ್ನಲಾರರು. ಪಕ್ಯಾ ಗೆದ್ದ.

ಗೆದ್ದ ಮೇಲೆ ಅವನ ಕಾರ್ಯಭಾರ ಹೇಗಿತ್ತೆಂದರೆ, ಊರಿನ ಕೆರೆ, ಮೋರಿ, ಬಸ್ಸು ಎಂದು ಅರ್ಜಿ ಹಿಡಿದು ಓಡಾಡುವಾಗ ಅವನ ಫೋನನ್ನು ಯಾರೂ ಎತ್ತುತ್ತಿರಲಿಲ್ಲ. ಸರ್ಕಾರ ಸ್ವಲ್ಪ ಅಲುಗಾಡಿದರೆ ಸಾಕು, ಎಲ್ಲರ ಫೋನೂ ಅವನಿಗೇ. ಆಗ ಅವನು ನನ್ನ ಅಂಗಡಿಗೆ ಬಂದು, ಹೆಂಗಸರು ಕುಪ್ಪಸ ಹಾಕಿ ನೋಡುವ ಪರದೆಯ ಹಿಂದೆ ಅಡಗಿ ಕುಳಿತು ಗಿರ್ಮಿಟ್ ತಿನ್ನುತ್ತಿದ್ದ.

"ಆ ಕಡೇದವರೂ ಬರ್ರಿ ಅಂತಾರ, ಈ ಕಡೇದವರೂ ಬರ್ರಿ ಅಂತಾರ ಅಕ್ಕಾ."

"ಊಟಕ್ಕೇನೋ?"

"ಸರ್ಕಾರಕ್ಕ."

"ಹಂಗಾರ ಉಂಡ ಹೋಗು. ಅಲ್ಲಿ ಯಾವಾಗ ಉಣ್ಣಾಕ ಹಾಕ್ತಾರೋ ಏನೋ."

ಅವನು ಎಲ್ಲಿಗೂ ಹೋಗಲಿಲ್ಲ. ಅದಕ್ಕೇ ಇರಬೇಕು, ಎರಡನೆಯ ಚುನಾವಣೆಗೆ ಎರಡೂ ಕಡೆಯವರಿಗೆ ಅವನ ಮೇಲೆ ಸಿಟ್ಟಿತ್ತು. ಅವರಲ್ಲಿ ಯಾರೋ ಹುಡುಕಿ ಹುಡುಕಿ ಇನ್ನೊಬ್ಬ ಫಕ್ಕೀರಪ್ಪನನ್ನು ತಂದು ನಿಲ್ಲಿಸಿದರು. ಇಬ್ಬರೂ ಹೊಲಿಗೆ ಮಷೀನು ಕೇಳಿದರು. ಚೀಟಿ ಎತ್ತಿದರು. ನಮ್ಮ ಮಷೀನು ಆ ಫಕ್ಕೀರಪ್ಪನಿಗೆ ಹೋಯಿತು. ನಮ್ಮ ಫಕ್ಕೀರಪ್ಪನಿಗೆ ಬಂದದ್ದು ನೇಲ್ ಕಟರ್. ಉಗುರು ತೆಗೆಯುವ ಅದೇ ನೇಲ್ ಕಟರ್. ಸಭೆಯಲ್ಲಿ ಎತ್ತಿ ತೋರಿಸಿದರೆ ಮುಂದಿನ ಸಾಲಿಗೂ ಕಾಣುತ್ತಿರಲಿಲ್ಲ. ಹಾನಗಲ್ಲಿನ ಒಬ್ಬ ಬಡಿಗೇರನಿಂದ ಕಟ್ಟಿಗೆಯದೊಂದು ದೊಡ್ಡದು ಮಾಡಿಸಿ ಟ್ರೇಲರಿನಲ್ಲಿ ಒಯ್ದರೆ ಜನ "ಮೊಸಳಿ ಗುರ್ತೇನ್ರಿ?" ಎಂದು ಕೇಳುತ್ತಿದ್ದರು.

ಪಕ್ಯಾ ನನ್ನ ಕೈ ಹಿಡಿದುಕೊಂಡ. "ಅಕ್ಕಾ, ಮಷೀನ್ ಮಷೀನ್ ಅಂತ ಓಣಿಗೆಲ್ಲ ಕಲಿಸಿದಾಕಿ ನೀ. ಈಗ ನೀನ ಬಿಡಸಬೇಕು."

ಬಿಡಿಸಿದೆ. ಮನೆಮನೆಗೆ ಹೋಗಿ, ಹೆಂಗಸರ ಬೆರಳು ಹಿಡಿದು ಉಗುರು ತೋರಿಸಿ ಹೇಳಿಕೊಟ್ಟೆ. ನನ್ನ ಪಕ್ಕದ ಮನೆಯ ಜೈನಾಬಿ ಚಾಚಿಗಂತೂ ಪರೀಕ್ಷೆಯನ್ನೇ ಮಾಡಿದೆ. ಚಾಚಿ ನನಗಿಂತ ಹಿರಿಯಳು, ದಪ್ಪ ಕನ್ನಡಕದವಳು, ನಾನು ಹೊಲಿದ ಕುಪ್ಪಸಗಳಿಗೆಲ್ಲ ಹುಕ್ಕು ಹಾಕಿಕೊಡುವವಳು. "ಮಷೀನ್ ಕಂಡ್ರ ಏನ್ ಮಾಡ್ತಿ ಚಾಚಿ?" ಎಂದರೆ, "ಮುಖ ತಿರುವ್ತೇನಿ ನೀಲವ್ವಾ, ಬೀಗರ ಮನಿ ಜಗಳದಾಗ ತಿರುವಿದಂಗ" ಎನ್ನುತ್ತಿದ್ದಳು.

ಓಟಿನ ದಿನ ನಾನು ಒಳಗೆ ಹೋದೆ. ಹೆಸರುಗಳನ್ನು ಕೂಡಿಸಿ ಕೂಡಿಸಿ ಓದುತ್ತ ಕೆಳಗಿಳಿದೆ. ಫ... ಕ್ಕೀ... ಎನ್ನುವಷ್ಟರಲ್ಲಿ ಅದರ ಮುಂದೆ ನನ್ನ ಮಷೀನು ಕಂಡಿತು. ಸಂತೆಯಲ್ಲಿ ಗುರುತಿನವರು ಕಂಡರೆ ಕಾಲು ತಾನೇ ಆ ಕಡೆ ಹೋಗುವುದಿಲ್ಲವೇ, ಹಾಗೆ ಬೆರಳು ಹೋಯಿತು. ಗಾಜಿನ ಕಿಂಡಿಯಲ್ಲಿ ಗುರ್ತು ಮೂಡಿದ ಚೀಟಿ ಬಂತು. "ಆಹಾ, ಗಾಲಿ, ಹಿಡಿಕೆ ಎಲ್ಲ ಎಷ್ಟು ಚೆಂದ ತೆಗೆದಾರ" ಎಂದು ಮೆಚ್ಚಿಕೊಂಡೆ. ಚೀಟಿ ಕೆಳಗೆ ಬಿತ್ತು. ಯಂತ್ರ ಕೂಗಿತು. ಆಗ ನನಗೆ ಎಚ್ಚರವಾಯಿತು.

ಹೊಲಿಗೆಯವಳಿಗೆ ತಪ್ಪೆಂದರೆ ಭಯವಿಲ್ಲ. ಬಿಚ್ಚಿ ಮತ್ತೆ ಹೊಲಿಯುತ್ತೇವೆ. ಅದೇ ಧೈರ್ಯದಲ್ಲಿ ಮೇಜಿನ ಹತ್ತಿರ ಕುಳಿತ ಸಾಹೇಬರಿಗೆ ಕೇಳಿದೆ: "ಸಾಹೇಬ್ರ, ಒಮ್ಮಿ ಬಿಚ್ಚಿ ಮತ್ತ ಹೊಲೀಬಹುದೇನ್ರಿ?"

"ಏನ್ ಹೊಲಿಯೂದವಾ ಇಲ್ಲಿ? ಮುಂದ ನಡೀರಿ."

ಅಲ್ಲೇ ಕುಳಿತಿದ್ದ ನಮ್ಮ ಪಕ್ಯಾನ ಏಜೆಂಟ ಕಿಸಕ್ಕನೆ ನಕ್ಕ. ನಾನು ಮುಂದೆ ನಡೆದೆ.

ಪಕ್ಯಾ ಸೋತ. ನನ್ನ ಒಂದು ಓಟಿನಿಂದ ಸೋತನೆಂದು ಹೇಳಿಕೊಳ್ಳುವಷ್ಟು ದೊಡ್ಡಸ್ತಿಕೆ ನನಗಿಲ್ಲ. ಹಳ್ಳಿಹಳ್ಳಿಗಳಲ್ಲಿ ಜನ ಹಳೆಯ ರೂಢಿಯ ಮೇಲೆ ಮಷೀನಿಗೆ ಒತ್ತಿ, ಆ ಫಕ್ಕೀರಪ್ಪನಿಗೇ ಆಶ್ಚರ್ಯವಾಗುವಷ್ಟು ಓಟು ಕೊಟ್ಟಿದ್ದರು. ಆದರೆ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಎಂಬುದು ಎಣಿಕೆಯಲ್ಲಿ ತಿಳಿಯುತ್ತದಂತೆ. ಪಕ್ಯಾ ಬಂದು ನನ್ನ ಮುಂದೆ ಕುಂತ.

"ಅಕ್ಕಾ, ಎಲ್ಲಾ ಕಡೆ ಮಷೀನ್ ನಮ್ಮನ್ನ ತಿಂದೈತಿ. ನಿನ್ನ ಬೂತಿನ್ಯಾಗಷ್ಟ ಒಂದ ಒಂದು ಬಿದ್ದೈತಿ ನೋಡು. ಅಷ್ಟು ಚೊಲೋ ಕಲಿಸೀದಿ ನೀ. ಆದ್ರ ಆ ಒಂದು ಯಾರದಿರಬಹುದು?"

ನಾನು ಆಗ ಹೇಳಬೇಕಿತ್ತು. ಹೇಳುವ ಬದಲು ಗಲ್ಲಕ್ಕೆ ಕೈ ಹಚ್ಚಿ, "ಹೌದೋ, ಯಾರದಿರಬಹುದೋ?" ಎಂದೆ. ನನ್ನ ತಪ್ಪು ಬೆರಳಿನದಲ್ಲ, ಈ ಮಾತಿನದು.

ಓಣಿಗೆ ಅದೊಂದು ಆಟವಾಯಿತು. ಹಿರೇಕೆರೂರಿನಿಂದ ಸೋದರತ್ತೆ ಫೋನ್ ಮಾಡಿ, ಆರಾಮಿದ್ದೀಯಾ ಎಂದು ಕೇಳುವ ಮೊದಲು "ಆ ಒಂದು ಸಿಕ್ಕಿತೇನ?" ಎಂದು ಕೇಳುತ್ತಿದ್ದಳು. ಹುಡುಕುವವರ ಕಣ್ಣು ಕೊನೆಗೆ ಜೈನಾಬಿ ಚಾಚಿಯ ಕನ್ನಡಕದ ಮೇಲೆ ಬಂದು ನಿಂತಿತು. ಯಾರೋ ಮಷೀನ್ ಚಾಚಿ ಎಂದು ಕರೆದರು, ಹೆಸರು ನಿಂತಿತು. ಚಾಚಿ ಮೊದಮೊದಲು ಜಗಳವಾಡಿದಳು. "ಅಲ್ಲಾನ ಆಣಿ, ನಾ ಉಗುರಿಗೇ ಒತ್ತೇನಿ!" ಎಂದು ಬೆರಳೆತ್ತಿ ತೋರಿಸಿದರೆ ಜನ ಇನ್ನೂ ನಗುತ್ತಿದ್ದರು. ಆಮೇಲೆ ಗಿರಾಕಿಗಳು "ಹುಕ್ಕು ಬ್ಯಾರೆ ಯಾರ ಕಡೆನಾದ್ರೂ ಹಾಕಸ್ರಿ ನೀಲವ್ವಾ, ಚಾಚಿಗೆ ಕಣ್ಣು ಕಾಣಂಗಿಲ್ಲಂತ" ಎನ್ನತೊಡಗಿದರು. ಚಾಚಿ ಹಾಕಿದ ಹುಕ್ಕು ಒಂದೂ ಓರೆಯಾಗಿರಲಿಲ್ಲ. ಅದನ್ನಾದರೂ ಹೇಳಬಹುದಿತ್ತು. ನಾನು "ನೋಡೂಣ ಬಿಡ್ರಿ" ಎಂದೆ. ಶಾಸಕನ ಅಕ್ಕನಾಗಿ ನಾನು ಕಲಿತ ರಾಜಕಾರಣ ಅಷ್ಟೇ.

ಒಂದು ಮಧ್ಯಾಹ್ನ ಚಾಚಿ ಹುಕ್ಕಿನ ಡಬ್ಬಿ ಮುಚ್ಚಿಟ್ಟು, "ನೀಲವ್ವಾ, ನಾನ ಒತ್ತಿರಬೇಕು ಬಿಡವಾ" ಎಂದಳು. "ಇಷ್ಟು ಮಂದಿ ಅಂತಾರಂದ್ರ ಸುಳ್ಳು ಇರ್ತೈತೇನು? ಕಣ್ಣು ನಂದು, ಬೆರಳು ನಂದು, ಆದ್ರ ಖಾತ್ರಿ ಇಲ್ಲ. ಫಕ್ಕೀರಪ್ಪಗ ಹೇಳು, ಮುದುಕೀನ ಮಾಫ್ ಮಾಡಂತ."

ಮಾಡದ ತಪ್ಪಿಗೆ ಅವಳು ನನ್ನ ಹತ್ತಿರ ಕ್ಷಮೆ ಕೇಳುತ್ತಿದ್ದಳು. ನಾನು ಏನು ಮಾಡಿದೆ ಗೊತ್ತೇ? "ಇರಲಿ ಬಿಡು ಚಾಚಿ, ಎಲ್ಲಾರಿಗೂ ಆಗ್ತೈತಿ" ಎಂದು ಕ್ಷಮಿಸಿದೆ! ಅಂದಿನಿಂದ ನನಗೆ ಅನ್ನ ರುಚಿಸಿಲ್ಲ ಎಂದರೆ ನನ್ನ ಮೈ ನೋಡಿದವರು ನಂಬಲಿಕ್ಕಿಲ್ಲ. ಆದರೆ ಅವಳು ಹಾಕಿದ ಹುಕ್ಕು ಕೈಗೆ ಬಂದಾಗಲೆಲ್ಲ ಎದೆಯಲ್ಲಿ ಚುಚ್ಚುತ್ತಿತ್ತು.

ಈಗ ಮೂರನೆಯ ಚುನಾವಣೆ. ಮೊನ್ನೆ ಪಕ್ಯಾ ಪೇಢೆ ಹಿಡಿದು ಅಂಗಡಿಗೆ ಓಡಿ ಬಂದ. ಗುರ್ತಿನ ಚೀಟಿ ಎತ್ತಿದಾಗ ನಮ್ಮ ಮಷೀನು ನಮಗೇ ವಾಪಸು ಬಂದಿತ್ತು. ಓಣಿಯ ಹೆಂಗಸರೆಲ್ಲ ಸೇರಿದರು.

"ಚಾಚಿ, ಈ ಸಲ ನೀ ಗೆದ್ದಿ! ಮಷೀನಿಗೇ ಒತ್ತು, ಯಾರೂ ಏನೂ ಅನ್ನಂಗಿಲ್ಲ" ಎಂದು ಪಕ್ಯಾ ನಗೆಯಾಡಿದ. ಎಲ್ಲರೂ ನಕ್ಕರು.

ಚಾಚಿ ನಗಲಿಲ್ಲ. "ನಾ ಬರಂಗಿಲ್ಲಪಾ ಫಕ್ಕೀರಪ್ಪ. ಇನ್ನ ಯಾವ ಚುನಾವಣಿಗೂ ಬರಂಗಿಲ್ಲ. ನನ್ನ ಬೆರಳಿನ ಮ್ಯಾಲೆ ನನಗ ನಂಬಿಕಿ ಹೋಗೈತಿ."

ಪೇಢೆ ನನ್ನ ಬಾಯಲ್ಲೇ ನಿಂತಿತು. ನುಂಗಿದೆ. "ಪಕ್ಯಾ, ಆ ಓಟು ನಂದು" ಎಂದೆ.

"ಬಿಡಕ್ಕಾ, ಚಾಚೀನ ಉಳಸಾಕ ನೀ ಯಾಕ ಸುಳ್ಳು ಹೇಳ್ತಿ?" ಎಂದು ಅವನು ಇನ್ನೊಂದು ಪೇಢೆ ಕೊಡಲು ಬಂದ. ಹೆಂಗಸರೂ "ನೀಲವ್ವನ ಮನಸು ದೊಡ್ಡದು" ಎಂದರು. ಇಷ್ಟು ದಿನ ಸುಳ್ಳನ್ನು ನಂಬಿದವರು ನಿಜವನ್ನು ನಂಬಲು ತಯಾರಿರಲಿಲ್ಲ.

"ದೊಡ್ಡದೂ ಇಲ್ಲ, ಮಣ್ಣೂ ಇಲ್ಲ! ನಿನ್ನ ಏಜೆಂಟನ ಕೇಳು. ಬಿಚ್ಚಿ ಮತ್ತ ಹೊಲೀಬಹುದೇನ್ರಿ ಅಂತ ಬೂತಿನ್ಯಾಗ ಯಾರು ಕೇಳಿದ್ರು, ಕೇಳು."

ಪಕ್ಯಾನ ಕೈ ತಡೆಯಿತು. ಏಜೆಂಟ ಆ ಮಾತನ್ನು ಅಂದೇ ಅವನಿಗೆ ಹೇಳಿ ನಗಿಸಿದ್ದನಂತೆ. ಹೊಲಿಗೆಯವಳಿಗೆ ಎಲ್ಲಿ ಹೋದರೂ ಹೊಲಿಗೆಯದೇ ಧ್ಯಾನ ಎಂದುಕೊಂಡಿದ್ದರಂತೆ. "ಅಯ್ಯ ಅಕ್ಕಾ!" ಎಂದು ತಲೆಯ ಮೇಲೆ ಕೈ ಹೊತ್ತುಕೊಂಡು ಕಟ್ಟೆಯ ಮೇಲೆ ಕುಂತ. ಅವನು ನಗುತ್ತಿದ್ದನೋ ಅಳುತ್ತಿದ್ದನೋ ನಾನು ನೋಡಲಿಲ್ಲ. ನಾನು ನೋಡುತ್ತಿದ್ದದ್ದು ಚಾಚಿಯನ್ನು. ಅವಳು ಕನ್ನಡಕ ತೆಗೆದು, ತನ್ನ ಬೆರಳನ್ನು ಕಣ್ಣಿನ ಹತ್ತಿರ ತಂದು, ಬಹಳ ದಿನಕ್ಕೆ ಊರಿಂದ ಬಂದವರನ್ನು ನೋಡುವ ಹಾಗೆ ನೋಡುತ್ತಿದ್ದಳು.

ನಾನು ಹೋಗಿ ಆ ಬೆರಳು ಹಿಡಿದುಕೊಂಡೆ. ಓಣಿಗೆಲ್ಲ ಕೇಳುವಂತೆ ಹೇಳಿದೆ: "ತಪ್ಪಾತು ಚಾಚಿ. ನಿನ್ನ ಬೆರಳು ಸರಿ ಐತಿ, ಕಣ್ಣೂ ಸರಿ ಅದಾವು. ಒತ್ತಿದಾಕಿ ನಾನು, ಸುಮ್ಮನ ಕುಂತಾಕಿ ನಾನು, ಕಡೀಕ ನಿನ್ನ ಮಾಫ್ ಮಾಡಿದಾಕೀನೂ ನಾನ. ಒತ್ತಿದ್ದಕ್ಕ ನಮ್ಮ ಪಕ್ಯಾ ಏನ್ ಬೇಕಾದ್ರೂ ಅನ್ನಲಿ, ಆ ಮಾಫ್ ಮಾಡಿದ್ದೊಂದು ನೀ ಹೊಟ್ಟ್ಯಾಗ ಹಾಕ್ಕೋ ನಮ್ಮವ್ವಾ."