ಪೆಟ್ಟಿ ಕ್ವಾರಲ್

ಜಗಳವಾಡುವುದಕ್ಕೆ ನನಗೆ ಬರುವುದಿಲ್ಲ. ದನಿ ಏರಿಸಿದರೆ ಕೆಮ್ಮು ಬರುತ್ತದೆ, ಕೈ ಎತ್ತಿದರೆ ಪಂಚೆ ಜಾರುತ್ತದೆ. ಆದರೆ ಬೇರೆಯವರ ಜಗಳಕ್ಕೆ ಇಂಗ್ಲಿಷಿನಲ್ಲಿ ಹೆಸರಿಡುವುದರಲ್ಲಿ ಮದ್ದೂರು ತಾಲ್ಲೂಕಿನಲ್ಲೇ ನನ್ನನ್ನು ಮೀರಿಸಿದವರಿಲ್ಲ ಎಂದು ಒಂದು ಕಾಲದಲ್ಲಿ ನಂಬಿದ್ದೆ. ಆಗ ಯುದ್ಧದ ಕಾಲ. ಕೆರಗೋಡಿನ ರೈತರ ಮಗನಾದ ನಾನು ನಾಲ್ಕಕ್ಷರ ಇಂಗ್ಲಿಷು ಕಲಿತ ತಪ್ಪಿಗೆ ಮದ್ದೂರಿನ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದೆ. ಹಳ್ಳಿಯವರು ಕನ್ನಡದಲ್ಲಿ ಕೊಟ್ಟ ಅರ್ಜಿಗಳ ಸಾರಾಂಶವನ್ನು ಇಂಗ್ಲಿಷಿನಲ್ಲಿ ಬರೆದು ಮಂಡ್ಯದ ಸಾಹೇಬರಿಗೆ ಕಳಿಸುವುದು ನನ್ನ ಕೆಲಸ. ಅರ್ಜಿದಾರ ಎರಡು ಹಾಳೆ ತುಂಬ ಬೈಗುಳವನ್ನೇ ಬರೆಸಿ ತಂದಿದ್ದರೂ ಸಾಹೇಬರಿಗೆ ಅದು ಒಂದೇ ಮಾತಿನಲ್ಲಿ ಮುಟ್ಟಬೇಕು. ಆ ಒಂದು ಮಾತನ್ನು ಹುಡುಕುವುದರಲ್ಲೇ ನನ್ನ ಪ್ರಾಯ ಸವೆಯಿತು.

ಈ ವಿದ್ಯೆಯಲ್ಲಿ ನಮ್ಮ ಶಿರಸ್ತೇದಾರರು ನನ್ನ ಗುರುಗಳು. "ನೋಡಯ್ಯ, ಬರೀ ಬಾಯಿ ಆಡಿದರೆ ಆಲ್ಟರ್ಕೇಷನ್. ಕೈ ಇನ್ನೊಬ್ಬನ ರುಮಾಲಿನವರೆಗೆ ಹೋದರೆ ಸ್ಕಫಲ್. ಅದೇ ಬೀದಿಗೆ ಬಂದು ನಾಲ್ಕು ಜನ ನೋಡುವಂತೆ ಹೊಡೆದಾಡಿದರೆ ಅಫ್ರೇ. ಅಫ್ರೇ ಅಂತ ಬರೆದೆಯೋ, ಪೊಲೀಸರು ಹೊರಟರು ಅಂತಲೇ ತಿಳಿ. ಯೋಚನೆ ಮಾಡಿ ಬರಿ" ಎನ್ನುತ್ತಿದ್ದರು. ಗಂಡಹೆಂಡಿರ ಮುನಿಸಿಗೆ ಟಿಫ್ ಎಂಬ ಮಾತು ಉಂಟೆಂದು ಹೇಳಿಕೊಟ್ಟವರೂ ಅವರೇ. ಟಿಫನ್ನಿಗೆ ಮೊದಲು ನಡೆಯುವುದರಿಂದ ಅದಕ್ಕೆ ಆ ಹೆಸರು ಬಂದಿರಬೇಕೆಂದು ನಾನು ಬಹಳ ದಿನ ತಿಳಿದಿದ್ದೆ. ಇವೆಲ್ಲಕ್ಕಿಂತ ನನಗೆ ಪ್ರಿಯವಾಗಿದ್ದದ್ದು 'ಪೆಟ್ಟಿ' ಎಂಬ ಪುಟ್ಟ ಮಾತು. ಎಂಥ ಜಗಳಕ್ಕೆ ಅದನ್ನು ಹಚ್ಚಿದರೂ ಜಗಳ ಕುಗ್ಗಿ ಕ್ಷುಲ್ಲಕವಾಗಿಬಿಡುತ್ತಿತ್ತು. ಸಾಹೇಬರು ಓದದೆಯೇ ರುಜು ಹಾಕುತ್ತಿದ್ದರು.

ಒಂದು ದಿನ ಬೋರಯ್ಯ ಎಂಬ ಮುದುಕ ಅರ್ಜಿ ಹಿಡಿದು ಬಂದ. ಅವನ ಹಿತ್ತಿಲ ಕುಂಬಳಬಳ್ಳಿ ಪಕ್ಕದ ಮನೆಯವನ ಸೂರಿಗೆ ಹಬ್ಬಿ ಅಲ್ಲಿ ಕಾಯಿ ಬಿಟ್ಟಿತ್ತು. ಬೇರು ಇವನದು, ಕಾಯಿ ಕುಯ್ದುಕೊಂಡವನು ಅವನು. ನಾನು ಅದನ್ನು ಪೆಟ್ಟಿ ಕೇಸು ಎಂದು ಬರೆದು, ದೊಡ್ಡಸ್ತಿಕೆಗೆ ಗಟ್ಟಿಯಾಗಿ ಓದಿದೆ. ಮುದುಕನ ಮುಖ ಸಣ್ಣಗಾಯಿತು. "ಪೆಟ್ಟಿ ಕೇಸಾ? ಅಂಗಂದ್ರೆ ನನ್ ಅರ್ಜೀನ ಪೆಟ್ಟಿಗೇಲಿ ಮಡಗಿ ಬೀಗ ಆಕ್ಬುಡ್ತೀರಾ ಬುದ್ಧಿ?" ಎಂದ. ಕಚೇರಿಗೆ ಕಚೇರಿಯೇ ನಕ್ಕಿತು. ನಾನಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಈಗ ನೆನೆದರೆ, ನಮ್ಮ ಕಚೇರಿಯ ಪದ್ಧತಿಗೆ ಮುದುಕ ಕೊಟ್ಟ ಅರ್ಥವೇ ಸರಿಯಾಗಿತ್ತು.

ಇನ್ನು ಮನೆಯ ವಿಷಯ. ನನ್ನ ಹೆಂಡತಿ ತಾಯಮ್ಮ ಆತಗೂರಿನವಳು. ಓದು ಬರಹ ಕಲಿತವಳಲ್ಲ. ಒಂದು ತಿಂಗಳಿಂದ ಅವಳದು ಒಂದೇ ಬೇಡಿಕೆ: "ನಮ್ಮವ್ವುಂಗೆ ಒಂದ್ ಕಾಗ್ದ ಬರ್ಕೊಡಿ. ಮಂಡಿನೋವು ಎಂಗದೆ ಅಂತ ಕೇಳ್ಬೇಕು." ನಾನು ದಿನವೂ ನಾಳೆ ಎನ್ನುತ್ತಿದ್ದೆ. ಕೊನೆಗೊಂದು ಸಂಜೆ ಅವಳು ಮುದ್ದೆಯ ತಟ್ಟೆಯನ್ನು ನನ್ನ ಮುಂದೆ ಸದ್ದಾಗುವಂತೆ ಇಟ್ಟಳು. "ಊರ್ನೋರ್ ಜಗಳನೆಲ್ಲ ಬರೀತೀರಿ, ನಮ್ಮವ್ವುಂಗೆ ನಾಕ್ ಗೆರೆ ಬರಿಯಕ್ಕೆ ನಿಮ್ ಕೈಗೇನ್ ಬಂದದೆ?" ಉತ್ತರವಿಲ್ಲದವನಿಗೆ ಇಂಗ್ಲಿಷೇ ಗತಿ. "ಇದೆಲ್ಲ ಪೆಟ್ಟಿ ಕ್ವಾರಲ್ ಕಣೆ. ಪೆಟ್ಟಿ! ಗೊತ್ತಾಯ್ತಾ?" ಎಂದು ಕಚೇರಿಯ ದನಿಯಲ್ಲಿ ಹೇಳಿದೆ. ಅವಳು "ಗೊತ್ತಾಯ್ತು" ಎಂದಳು. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯ ಪ್ರಕಾರ ನಾನು ಉಂಡು ಮಲಗಿದೆ. ಅವಳು ಉಂಡಳೋ ಇಲ್ಲವೋ ನೋಡಲಿಲ್ಲ.

ಮಾರನೆಯ ದಿನ ಕಚೇರಿಯಿಂದ ಬಂದರೆ ಬಾಗಿಲಿಗೆ ಬೀಗ. ಬೀಗದ ಕೈ ಕೊಟ್ಟ ಪಕ್ಕದ ಮನೆಯಾಕೆ, "ನೀವೇ ಪೆಟ್ಟಿ ಎತ್ಕೊ ಅಂದ್ರಂತಲ್ಲ? ಆತಗೂರ್ ಗಾಡಿ ಬಂದಿತ್ತು, ಅದ್ರಲ್ಲೇ ಒಂಟೋದ್ರು" ಎಂದರು. ಒಳಗೆ ಹೋಗಿ ನೋಡಿದೆ. ಅವಳ ತಗಡಿನ ಪೆಟ್ಟಿಗೆ ಇದ್ದ ಮೂಲೆ ಖಾಲಿ.

ಮೂರು ದಿನ ನಾನೇ ಮುದ್ದೆ ತೊಳಸಿದೆ. ಅದು ಒಂದು ದಿನ ಗಂಜಿಯಾಯಿತು, ಎರಡು ದಿನ ಕಲ್ಲಾಯಿತು. ಮುದ್ದೆ ಹಾಳಾಗಲಿ, ಮನೆಯೇ ಬಿಕೋ ಎನ್ನುತ್ತಿತ್ತು. ಅವಳು ಬರದೇ ಹೋದರೆ ಎಂದು ನಿಜವಾಗಿ ಹೆದರಿದೆ. ನಾಲ್ಕನೆಯ ದಿನ ಟಿಫ್ ಎಂದು ಕಾರಣ ಬರೆದು ರಜೆ ಅರ್ಜಿ ಕೊಟ್ಟೆ. ಶಿರಸ್ತೇದಾರರು ಕನ್ನಡಕ ಏರಿಸಿಕೊಂಡರು.

"ಟಿಫ್ ಅಂದರೆ ಸಂಜೆಯೊಳಗೆ ಸರಿಹೋಗಬೇಕು. ಮೂರು ದಿನದ್ದಕ್ಕೆ ಈ ಮಾತು ಒಗ್ಗುವುದಿಲ್ಲ."

"ಡಿಸ್ಪ್ಯೂಟ್ ಅನ್ನಲೇ ಸಾರ್?"

"ಅದಕ್ಕೆ ಎರಡೂ ಕಡೆಯ ಹೇಳಿಕೆ ಬೇಕು. ಆಕೆಯ ಹೇಳಿಕೆ ಎಲ್ಲಿ?"

"ಹಾಗಾದರೆ ಪೆಟ್ಟಿ ಕ್ವಾರಲ್?"

"ಪೆಟ್ಟಿಯಾದರೆ ರಜೆ ಯಾತಕ್ಕಯ್ಯ?"

ಕೊನೆಗೆ ಜ್ವರ ಎಂದು ಬರೆದೆ. ಕೂಡಲೇ ರಜೆ ಸಿಕ್ಕಿತು.

ಆತಗೂರಿನಲ್ಲಿ ನಮ್ಮತ್ತೆ ಜಗಲಿಯ ಮೇಲೆ ಕೂತು ಮಂಡಿಗೆ ಎಣ್ಣೆ ನೀವಿಕೊಳ್ಳುತ್ತಿದ್ದರು. ತಾಯಮ್ಮ ಬಾಗಿಲಲ್ಲಿ ನಿಂತಿದ್ದಳು. ನಾನು ಉಸಿರು ಬಿಡದೆ ಹೇಳಿದೆ: "ಪೆಟ್ಟಿ ಅಂದ್ರೆ ಪೆಟ್ಟಿಗೆ ಅಲ್ಲ ಕಣೆ. ಸಣ್ಣದು ಅಂತ ಅರ್ಥ, ಅಷ್ಟೇ!" ಅಲ್ಲಿಗೆ ಕೇಸು ವಜಾ ಆಯಿತೆಂದುಕೊಂಡೆ. ಅವಳ ಕಣ್ಣು ತುಂಬಿತು.

"ಸಣ್ದಾ? ಪೆಟ್ಟಿಗೆ ಎತ್ಕೊ ಅಂದ್ರಲ್ಲ, ಕ್ವಾಪ್ದಲ್ಲಿ ಅಂದವ್ರೆ, ಓಗ್ಲಿ ಅಂದ್ಕಂಡಿದ್ದೆ. ನಮ್ಮವ್ವನ್ ಕಾಲ್ನೋವು ನಿಮ್ಗೆ ಸಣ್ದಾ?"

ತಪ್ಪು ಅರ್ಥವನ್ನಾದರೂ ಅವಳು ಕ್ಷಮಿಸುತ್ತಿದ್ದಳು. ಸರಿಯಾದ ಅರ್ಥವೇ ನನಗೆ ಮುಳುವಾಯಿತು. ಅಂದು ಬೋರಯ್ಯನ ಮುಖ ಯಾಕೆ ಸಣ್ಣಗಾಯಿತೆಂದು ನನಗೆ ಆಗ ಗೊತ್ತಾಯಿತು, ನಾಚಿಕೆಯೂ ಆಯಿತು. ತಪ್ಪಾಯಿತು ಎಂದೆ. ಕನ್ನಡದಲ್ಲೇ ಹೇಳಿದ್ದರಿಂದ ಇಬ್ಬರಿಗೂ ಅರ್ಥವಾಯಿತು. ಅತ್ತೆಯೇ ನನ್ನ ಕೈ ಹಿಡಿದರು. "ಬುಡವ್ವ ತಾಯಿ, ಅಳಿಯದೇವ್ರು ಇಸ್ಟ್ ದೂರ ಬಂದವ್ರೆ. ಅವ್ರು ಕಾಗ್ದ ಬರ್ದಿದ್ರೆ ನೀನೆಲ್ ಬತ್ತಿದ್ದೆ? ನಾಕ್ ದಿನ ನಿನ್ ಕೈಯಲ್ಲಿ ಎಣ್ಣೆ ತಿಕ್ಕುಸ್ಕೊಂಡೆ, ಒಳ್ಳೇದೇ ಆಯ್ತು."

ಪೆಟ್ರೋಲು ಸಿಗದ ಆ ದಿನಗಳ ಇದ್ದಿಲು ಬಸ್ಸಿನಲ್ಲಿ ಇಬ್ಬರೂ ಮದ್ದೂರಿಗೆ ಬಂದಿಳಿದಾಗ ಕೂಲಿಯಾಳು ಸಿಗಲಿಲ್ಲ. ಪೆಟ್ಟಿಗೆಯನ್ನು ನಾನೇ ತಲೆಯ ಮೇಲೆ ಹೊತ್ತೆ. ಜ್ವರದವನು ಕಚೇರಿಯ ಮುಂದೆಯೇ ಹಾಯಬೇಕಾಗಿ ಬಂತು. ಅರಳಿಮರದಡಿ ಕೂತಿದ್ದ ಬೋರಯ್ಯ ಎದ್ದು ನಿಂತು, "ಇದೇನ್ ಬುದ್ಧಿ, ಪೆಟ್ಟಿ ಕೇಸಾ?" ಎಂದ. "ಹೂಂ ಬೋರಯ್ಯ, ಪೆಟ್ಟಿ ಕೇಸೇ" ಎಂದೆ. ಹಿಂದೆ ಬರುತ್ತಿದ್ದ ತಾಯಮ್ಮ ಕಿಸಕ್ಕನೆ ನಕ್ಕಳು. ತಲೆಯ ಭಾರ ಅರ್ಧ ಇಳಿದಂತಾಯಿತು. ಮಾರನೆಯ ದಿನ ಬೋರಯ್ಯನ ಅರ್ಜಿಯನ್ನು ಪೆಟ್ಟಿಗೆಯಿಂದ ತೆಗೆದು, ಪೆಟ್ಟಿ ಎಂಬ ಮಾತಿಲ್ಲದೆ ಬೇರೆ ಬರೆದೆ.

ಅಂದಿನಿಂದ ಭಾನುವಾರಕ್ಕೊಂದು ಕಾಗದ. ಅವಳು ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಒಂದು ಮಾತನ್ನೂ ಕುಗ್ಗಿಸುವ ಹಾಗಿರಲಿಲ್ಲ, ಬರೆದದ್ದನ್ನು ಓದಿ ತೋರಿಸಬೇಕಿತ್ತು. ಆತಗೂರಿನ ಮೇಷ್ಟರು ಅದನ್ನು ನಮ್ಮತ್ತೆಯ ಜಗಲಿಯ ಮೇಲೆ ಕೂತು ಊರಿಗೆಲ್ಲ ಕೇಳಿಸುವಂತೆ ಓದುತ್ತಿದ್ದರಂತೆ. ಮೊದಲ ವಾರದ ಕಾಗದದ ಕೊನೆಯ ಸಾಲನ್ನು, ಒಂದಕ್ಷರ ತಪ್ಪಿಲ್ಲದೆ, ನನ್ನ ಕೈಯಾರ ಬರೆದೆ: "ಇವ್ರ ಯೋಚ್ನೆ ಮಾಡ್ಬ್ಯಾಡ ಕಣವ್ವ. ಇಂಗ್ಲೀಸು ಈಗ ಎಸ್ಟೋ ಇಳ್ದದೆ, ಮುದ್ದೆ ಉಣ್ತಾವ್ರೆ."