ನಿಶ್ಶಬ್ದ ಕೊಠಡಿಯಲ್ಲಿ ಕೇಳಿಸದ ಒಂದು ‘ಹೌದು’

ವಿವಾಹ ಕೊಠಡಿಯಲ್ಲಿ ವಧುವೂ ವರನೂ ಹೇಳುವ ‘ಹೌದು’ ನೋಂದಣಾಧಿಕಾರಿಯ ಕಿವಿಗೆ ಸ್ಪಷ್ಟವಾಗಿ ಬೀಳತಕ್ಕದ್ದು ಎಂಬುದು ಹಾರ್ಸ್ಟನ್‌ಬ್ರೂಕ್ ಪುರಸಭೆಯ ನಿಯಮ. ಬಿದ್ದರೆ ಮದುವೆ, ಬೀಳದಿದ್ದರೆ ಬಂದವರೆಲ್ಲ ಸುಮ್ಮನೆ ಹೊಸ ಬಟ್ಟೆ ಹಾಕಿಕೊಂಡು ಬಂದಂತೆ. ನಾನು ಆ ಕಚೇರಿಯ ನೋಂದಣಾಧಿಕಾರಿ. ನಿಯಮದ ಬಗ್ಗೆ ನನ್ನ ತಕರಾರೇನೂ ಇಲ್ಲ.

ತೊಂದರೆ ಇದ್ದದ್ದು ಕಂಪ್ಯೂಟರಿನದು. ಮದುವೆ ನಡೆಯುತ್ತಿರುವಾಗಲೇ ಅದನ್ನು ದಾಖಲಿಸಬೇಕಾದ್ದರಿಂದ ಯಂತ್ರವನ್ನು ನನ್ನ ಮೇಜಿನ ಕೆಳಗೇ ಇಡಲಾಗಿದೆ. ಅದಕ್ಕೆ ವಿದ್ಯುತ್ ಒದಗಿಸುವ ಡಬ್ಬಿ, ಅಂದರೆ ಪವರ್ ಸಪ್ಲೈ, ಮುದಿಯಾಗಿತ್ತು. ಅದರೊಳಗಿನ ಫ್ಯಾನು ಎಡೆಬಿಡದೆ ಅರಚುತ್ತಿತ್ತು. ಎಳೆಯ ಜೋಡಿಗಳು ಅದಕ್ಕಿಂತ ಜೋರಾಗಿ ಕೂಗಿ ಮದುವೆಯಾಗಿ ಹೋಗುತ್ತಿದ್ದವು.

ಲುಡ್ಗರ್ ವೆಸ್ಸೆಲ್ ಅವರಿಗೆ ಕೂಗುವುದು ಸಾಧ್ಯವಿರಲಿಲ್ಲ. ಒಂದು ಕಾಲಕ್ಕೆ ಸಂತೆಯಲ್ಲಿ ಹೆರಿಂಗ್ ಮೀನನ್ನು ಕೂಗಿ ಮಾರಿದವರು. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಪಿಸುಮಾತಷ್ಟೇ ಉಳಿದಿತ್ತು. ಮದುವೆಯ ದಿನ ಗೊತ್ತುಮಾಡಲು ಅವರ ಜೊತೆ ಬಂದಿದ್ದವರು ಗೆಸಿನೆ, ಅದೇ ಸಂತೆಯಲ್ಲಿ ಹೂವಿನಂಗಡಿ ಇಟ್ಟಿದ್ದ ವಿಧವೆ. ಚಳಿಗಾಲಕ್ಕೆ ಮುಂಚೆ ಲುಡ್ಗರ್ ಅವರಿಗೆ ಇನ್ನೊಂದು ಶಸ್ತ್ರಚಿಕಿತ್ಸೆಯಿತ್ತು. ಆಸ್ಪತ್ರೆಯವರು ಸಂಬಂಧಿಕರನ್ನು ಮಾತ್ರ ಹಾಸಿಗೆಯ ಪಕ್ಕ ಬಿಡುತ್ತಾರೆ.

“ಇವರಿಗೆ ಎಚ್ಚರ ಆದಾಗ ಪಕ್ಕದಲ್ಲಿ ನಾನಿರ್ಬೇಕು, ಅಷ್ಟೇ ಸ್ವಾಮಿ,” ಅಂದರು ಗೆಸಿನೆ. “ಇಲ್ದಿದ್ರೆ ಈ ವಯಸ್ಸಲ್ಲಿ ನಮಗ್ಯಾಕೆ ಹೂವು, ಕೇಕು.”

ಫ್ಯಾನಿನ ಗದ್ದಲದ ಬಗ್ಗೆ ನಾನು ಮೇಲಧಿಕಾರಿಗಳಿಗೆ ಬರೆದೆ. ನಿಶ್ಶಬ್ದವೂ ಮಿತವ್ಯಯಿಯೂ ಆದ ಪವರ್ ಸಪ್ಲೈ ಒಂದನ್ನು ಆರಿಸಲು ಸಮಿತಿ ರಚನೆಯಾಯಿತು. ಅಧ್ಯಕ್ಷರು ಖರೀದಿ ವಿಭಾಗದ ಹೆರ್, ಅಂದರೆ ಶ್ರೀಯುತ, ಡೀಪನ್‌ಬ್ರೋಕ್. ಅವರ ಕಣ್ಣು ಜಿಲ್ಲೆಯ ವಿದ್ಯುತ್ ಉಳಿತಾಯ ಪದಕದ ಮೇಲಿತ್ತು. ಅದನ್ನು ನೇತುಹಾಕಲು ತಮ್ಮ ಕೋಣೆಯ ಗೋಡೆಗೆ ಮೊಳೆಯನ್ನು ಆಗಲೇ ಹೊಡೆಸಿಯೂ ಇದ್ದರು.

ನಮ್ಮ ಕಂಪ್ಯೂಟರಿಗೆ ಬೇಕಾದದ್ದು ಅರವತ್ತು ವ್ಯಾಟ್. ಸಮಿತಿ ಆರಿಸಿದ್ದು ಸಾವಿರ ವ್ಯಾಟಿನದು, ಏಕೆಂದರೆ ಅದರ ಪ್ರಮಾಣಪತ್ರ ಎಲ್ಲಕ್ಕಿಂತ ದಪ್ಪ ಕಾಗದದಲ್ಲಿತ್ತು. ಪೆಟ್ಟಿಗೆ ಬಂದು, ಜೋಡಿಸಿ, ಗುಂಡಿ ಒತ್ತಿದಾಗ ಏನೂ ಕೇಳಿಸಲಿಲ್ಲ. ಕೆಟ್ಟುಹೋಗಿದೆ ಅಂದುಕೊಂಡೆವು. ಹೊರಗೆ ಮರದಲ್ಲಿದ್ದ ಹಕ್ಕಿಯ ದನಿ ಕೇಳಿಸಿತು. ನನಗಂತೂ ಖುಷಿಯಾಯಿತು.

ಆದರೆ ಹೆರ್ ಡೀಪನ್‌ಬ್ರೋಕ್ ಪ್ರಮಾಣಪತ್ರವನ್ನು ಕೊನೆಯವರೆಗೆ ಓದುವ ಮನುಷ್ಯ. ಉಳಿತಾಯ ಅತ್ಯುತ್ತಮವಾಗಿರುವುದು ಅರ್ಧ ಹೊರೆಯಲ್ಲಿ, ಅಂದರೆ ಐನೂರು ವ್ಯಾಟ್ ಬಳಸುವಾಗ, ಎಂದು ಅದರಲ್ಲಿ ಬರೆದಿತ್ತು. ಅರವತ್ತೇ ಬಳಸುತ್ತಿದ್ದುದರಿಂದ ಪುರಸಭೆಯಲ್ಲಿ ಪೂರ್ಣ ಪ್ರಮಾಣದ ಉಳಿತಾಯ ನಡೆಯುತ್ತಿಲ್ಲ ಎಂಬುದು ಸಮಿತಿಯ ಗಮನಕ್ಕೆ ಬಂತು. ಕೊರತೆಯನ್ನು ತುಂಬಿಸಲು ಕಾರಿನ ಸೀಟಿಗೆ ಹಾಸುವ ಬಿಸಿ ದಿಂಬುಗಳನ್ನು ತರಿಸಿ, ಅದೇ ಪವರ್ ಸಪ್ಲೈಗೆ ತಂತಿ ಎಳೆದು, ಅತಿಥಿಗಳ ಕುರ್ಚಿಗಳ ಮೇಲೆ ಹಾಸಲಾಯಿತು. ಆಗ ಜುಲೈ ತಿಂಗಳು.

ಹೊರೆ ಅರ್ಧಕ್ಕೆ ಏರಿತು, ಉಳಿತಾಯ ಶುರುವಾಯಿತು, ಫ್ಯಾನು ಎದ್ದಿತು. ಹಳೆಯದು ಅರಚುತ್ತಿತ್ತು, ಇದು ಗುಡುಗುತ್ತಿತ್ತು. ನಾನು ಕಾಗದವನ್ನು ಮತ್ತೆ ನೋಡಿದೆ. ಕಡಿಮೆ ಹೊರೆಯಲ್ಲಿ ನಿಶ್ಶಬ್ದ, ಅರ್ಧ ಹೊರೆಯಲ್ಲಿ ಮಿತವ್ಯಯಿ ಎಂದಿತ್ತು. ಎರಡೂ ಒಂದೇ ಹೊತ್ತಿಗೆ ಆಗಬೇಕೆಂದು ಸಮಿತಿ ಷರತ್ತು ಹಾಕಿರಲಿಲ್ಲ.

ಗದ್ದಲದ ಬಗ್ಗೆ ನಾನು ಕೊಟ್ಟ ದೂರಿಗೆ ಮರುದಿನವೇ ಸುತ್ತೋಲೆ ಬಂತು:

“ಪ್ರಮಾಣೀಕೃತ ನಿಶ್ಶಬ್ದ ಸಾಧನವನ್ನು ಅಳವಡಿಸಿರುವುದರಿಂದ ವಿವಾಹ ಕೊಠಡಿಯನ್ನು ಈ ಮೂಲಕ ನಿಶ್ಶಬ್ದವೆಂದು ಘೋಷಿಸಲಾಗಿದೆ. ನಿಶ್ಶಬ್ದ ಕೊಠಡಿಯಲ್ಲಿ ಕೇಳಿಸದೆ ಇದ್ದ ಮಾತನ್ನು ಆಡದೆ ಇದ್ದ ಮಾತೆಂದು ಪರಿಗಣಿಸತಕ್ಕದ್ದು.”

ಶುಕ್ರವಾರ ಲುಡ್ಗರ್ ಮತ್ತು ಗೆಸಿನೆ ಬಂದರು. ಮೀನಿನಂಗಡಿಯ ಹಳೆಯ ಗೆಳೆಯರು ಬಿಸಿ ದಿಂಬುಗಳ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು. ನಾನು ಗಂಟಲು ಹರಿಯುವಂತೆ ಪ್ರಶ್ನೆ ಕೇಳಿದೆ. ಗೆಸಿನೆ ಅವರ ‘ಹೌದು’ ಕಾರಿಡಾರಿನವರೆಗೂ ಹೋಯಿತು. ಲುಡ್ಗರ್ ಅವರ ತುಟಿ ಅಲುಗಿತು. ಇನ್ನೊಮ್ಮೆ ಕೇಳಿದೆ. ಕುತ್ತಿಗೆಯ ನರ ಉಬ್ಬುವಂತೆ ಇನ್ನೊಮ್ಮೆ ಅಲುಗಿತು.

“ಹೌದು ಅಂದ್ರು ಕಣ್ರೀ,” ಅಂದರು ಗೆಸಿನೆ. “ನನಗೆ ಕೇಳಿಸ್ತು.”

“ಈ ಕೆಲಸಕ್ಕೆ ವಧುವಿನ ಕಿವಿಯನ್ನ ನೇಮಿಸಿಲ್ಲಮ್ಮ,” ಅಂದೆ.

“ಹಂಗಾದ್ರೆ ಆ ಡಬ್ಬಿ ಒಂದ್ ನಿಮಿಷ ಆರಿಸಿ.”

ಆರಿಸಿದರೆ ದಾಖಲೆಯ ಪುಟ ಮುಚ್ಚಿಹೋಗುತ್ತದೆ, ದಿಂಬಿನ ತಂತಿ ಕಿತ್ತರೆ ಉಳಿತಾಯ ನಿಂತುಹೋಗುತ್ತದೆ ಎಂದು ವಿವರಿಸಿದೆ. ಬಾಗಿಲ ಬಳಿ ನಿಂತಿದ್ದ ಹೆರ್ ಡೀಪನ್‌ಬ್ರೋಕ್ ಸಂಕಟದಿಂದ ತಲೆಯಾಡಿಸಿದರು. ಪದಕದ ತಪಾಸಣೆ ಅದೇ ವಾರವಿತ್ತು.

ಹೀಗಾಗಿ ವರನು ವಧುವನ್ನು ನಿರಾಕರಿಸಿದ್ದಾನೆಂದು ದಾಖಲಿಸಿ, ನಿಯಮದಂತೆ ನಿರಾಕರಣೆಯ ಪ್ರಮಾಣಪತ್ರ ಕೊಟ್ಟೆ. ಲುಡ್ಗರ್ ಆ ಕಾಗದ ನೋಡಿ ಮುಖ ಮುಚ್ಚಿಕೊಂಡರು. ಗೆಳೆಯರು ಏನು ಮಾಡುವುದೆಂದು ತಿಳಿಯದೆ ಚಪ್ಪಾಳೆ ತಟ್ಟಿದರು. ಅಂಗಳದಲ್ಲಿ ಕೇಕು ಕತ್ತರಿಸಿದ್ದೂ ಆಯಿತು.

ಶರತ್ಕಾಲದಲ್ಲಿ ಆಸ್ಪತ್ರೆಯ ಕೌಂಟರಿನಲ್ಲಿ ರೋಗಿ ನಿಮಗೆ ಏನಾಗಬೇಕೆಂದು ಕೇಳಿದಾಗ ಗೆಸಿನೆ, “ನನ್ನನ್ನ ಬೇಡ ಅಂದವರು,” ಅಂದು ಆ ಕಾಗದವನ್ನೇ ಮುಂದಿಟ್ಟರಂತೆ. ಗುಮಾಸ್ತೆ ತಿರುಗಿಸಿ ನೋಡಿದಳಂತೆ. ಇಬ್ಬರ ಹೆಸರಿತ್ತು, ತಾರೀಖಿತ್ತು, ಪುರಸಭೆಯ ಮೊಹರಿತ್ತು. “ಎಲ್ಲಾ ಸರಿಯಾಗಿದೆ, ಒಳಗೆ ಹೋಗಿ,” ಅಂದಳಂತೆ. ಆ ಆಸ್ಪತ್ರೆಯ ಸಂಬಂಧಿಕರ ಪಟ್ಟಿಯಲ್ಲಿ ಈಗ ಪತ್ನಿ, ಸಹೋದರಿ ಇವುಗಳ ಕೆಳಗೆ ‘ನಿರಾಕೃತ ವಧು’ ಎಂಬುದೂ ಸೇರಿದೆ. ನಮ್ಮಲ್ಲೂ ಮೆಲುದನಿಯ ಜೋಡಿಗಳು ನೇರವಾಗಿ ನಿರಾಕರಣೆಗೇ ಅರ್ಜಿ ಹಾಕುತ್ತವೆ. ಕೇಕಿನ ಗಾತ್ರದಲ್ಲಿ ವ್ಯತ್ಯಾಸ ಕಂಡುಬಂದಿಲ್ಲ. ಪದಕವೂ ಬಂತು.

ಚಿಕಿತ್ಸೆ ಮುಗಿದು ಕಣ್ಣು ಬಿಟ್ಟ ಲುಡ್ಗರ್, ಪಕ್ಕದಲ್ಲಿದ್ದವರನ್ನು ನೋಡಿ ಏನೋ ಅಂದರಂತೆ. ಗೆಸಿನೆಗೆ ಕೇಳಿಸಿತಂತೆ. ಕಚೇರಿಯ ಪ್ರಕಾರ ಅಲ್ಲಿ ಯಾರೂ ಏನೂ ಹೇಳಿಲ್ಲ.