ಎಂಟು ಪ್ಲೈ ಟೈರೂ ಅಕ್ಕನ ಶಿಖರ್ಜಿಯೂ

ವಿಚಾರ ಮಾಡಿ ಕೆಲಸ ಮಾಡುವವರನ್ನು ಎಲ್ಲರೂ ಹೊಗಳುತ್ತಾರೆ. ಬರೀ ವಿಚಾರ ಮಾಡಿ ಕೆಲಸ ಮಾಡದವರೂ ದೂರದಿಂದ ನೋಡಿದರೆ ಹಾಗೆಯೇ ಕಾಣುವುದರಿಂದ ಅವರಿಗೂ ಒಂದಷ್ಟು ಹೊಗಳಿಕೆ ಸಿಗುತ್ತದೆ. ಸದಲಗಾದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದ ನಾನು ಎರಡನೆಯ ಗುಂಪಿನವನು. ಇದು ನನಗೆ ತಿಳಿದದ್ದು ನಾಲ್ಕು ಟೈರುಗಳಿಂದ.

ಗಂಡ ತೀರಿದ ಮೇಲೆ ನಮ್ಮ ಮನೆಯಲ್ಲೇ ಇರುವ ಪದ್ಮಕ್ಕ ನನಗಿಂತ ಹನ್ನೆರಡು ವರ್ಷಕ್ಕೆ ಹಿರಿಯಳು. ಅವಳಿಗೆ ಇದ್ದದ್ದು ಒಂದೇ ಆಸೆ, ದೂರದ ಉತ್ತರದಲ್ಲಿರುವ ನಮ್ಮ ಜೈನರ ದೊಡ್ಡ ತೀರ್ಥ ಸಮ್ಮೇದ ಶಿಖರ್ಜಿ ನೋಡುವುದು. ಆದರೆ ಹೋಟೆಲಿನದು ಮುಟ್ಟುವುದಿಲ್ಲ, ಗಡ್ಡೆ ತರಕಾರಿ ತಿನ್ನುವುದಿಲ್ಲ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಇದಕ್ಕೆಲ್ಲ ರೈಲು ಒಗ್ಗುವುದಿಲ್ಲವೆಂದು ನಾನೊಂದು ಹಳೆಯ ವ್ಯಾನು ತಂದೆ. ಒಳಗೆ ಎರಡು ಮಂಚ, ಗ್ಯಾಸಿನ ಒಲೆ, ನೀರಿನ ಟಾಕಿ. ಓಣಿಯವರು ಅದಕ್ಕೆ ಮನೆಗಾಡಿ ಎಂದು ಹೆಸರಿಟ್ಟರು. ಅಕ್ಕ ಅಂದೇ ಹಪ್ಪಳ ಕಟ್ಟಿಟ್ಟಳು. ಟೈರು ಮಾತ್ರ ಸವೆದು ನುಣ್ಣಗಾಗಿದ್ದವು.

ಇಷ್ಟು ಭಾರಕ್ಕೆ ಕಾರಿನ ಟೈರು ತಾಳುವುದಿಲ್ಲ, ಹಾಲಿನ ಗಾಡಿಗೆ ಹಾಕುವಂಥ ಲೋಡ್ ಟೈರೇ ಬೇಕೆಂದರು ನಿಪ್ಪಾಣಿಯ ಅಂಗಡಿಯವರು. ಆಗಲೇ ಹಾಕಿಸಿಕೊಂಡು ಬಂದಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ಅವರು, ಆರು ಪ್ಲೈಯೋ ಎಂಟು ಪ್ಲೈಯೋ, ಅಂದರೆ ಎಷ್ಟು ಪದರದ್ದು ಎಂದು ಕೇಳಿಬಿಟ್ಟರು. ಗಣಿತದವನ ಕೈಗೆ ಅಂಕಿ ಕೊಡಬಾರದು. ಎಂಟು ಪ್ಲೈ ಗಟ್ಟಿ, ಆದರೆ ಭಾರ ಕಡಿಮೆಯಾದರೆ ಗಾಡಿ ಕುಣಿಯುತ್ತದೆ ಎಂದರು ಅಥಣಿಯ ಅಂಗಡಿಯವರು. ಟೈರಿನ ಮೈಮೇಲೆ ಅದು ತಯಾರಾದ ವಾರವೂ ಇರುತ್ತದೆಂದು ಚಿಕ್ಕೋಡಿಯವರು ತೋರಿಸಿಕೊಟ್ಟರು. ಅಲ್ಲಿಂದ ನಾನು ನಿಂತ ಲಾರಿಗಳ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಟೈರು ಓದತೊಡಗಿದೆ. ಒಬ್ಬ ಡ್ರೈವರು ನಾನು ಬೇರೆ ಕೆಲಸಕ್ಕೆ ಕೂತಿದ್ದೇನೆಂದು ತಿಳಿದು, ನನ್ನ ಬಿಳಿ ಕೂದಲಿಗೆ ಮರ್ಯಾದೆ ಕೊಟ್ಟು, ಮುಖ ತಿರುಗಿಸಿ ನಿಂತ.

ಲೆಕ್ಕ ಪಕ್ಕಾ ಆಗಲೆಂದು ಗಾಡಿಯನ್ನೇ ತೂಗಿಸಲು ಹೊರಟೆ. ಸಾಮಾನು ಎಲ್ಲ ಹೇರು, ನೀನೂ ಹತ್ತು ಎಂದು ಅಕ್ಕನಿಗೆ ಹೇಳಿದವನು, ಯಾಕೆಂದು ಹೇಳಲು ಮರೆತೆ. ಅವಳು ಹೊಸ ಸೀರೆ ಉಟ್ಟು, ಪೂಜೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಓಣಿಯವರಿಗೆಲ್ಲ ಕೈಮುಗಿದು ಹತ್ತಿದಳು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನಲ್ಲಿ ನಿಂತು, ಗಾಡಿ ತೂಗುವ ಕಾಟಾ ಹತ್ತಿ ಇಳಿದು, ಗಾಡಿಯನ್ನು ಮನೆಯ ಕಡೆ ತಿರುಗಿಸಿದೆ.

"ಯಾತ್ರಾ ಇಷ್ಟ ಏನೋ ತಮ್ಮಾ?" ಎಂದಳು.

ತೂಕದ ಚೀಟಿಯ ಗುಂಗಿನಲ್ಲಿದ್ದ ನಾನು, ಎಂಟು ಪ್ಲೈಯೇ ಬೇಕು ಎಂದೆ. ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಕಬ್ಬಿನ ಹಂಗಾಮು ಮುಗಿಯಿತು, ಬೇಸಿಗೆ ಮುಗಿಯಿತು. ಚಾತುರ್ಮಾಸಕ್ಕೆ ಊರ ಬಸದಿಗೆ ಮುನಿಮಹಾರಾಜರು ಬಂದರು. ನಾನು ಹೊಚ್ಚಹೊಸ ತಯಾರಿಕೆಯ ಎಂಟು ಪ್ಲೈ ಟೈರಿಗಾಗಿ ಕಾಯುತ್ತಿದ್ದೆ. ಮಳೆ ಬಿಡುವ ಹೊತ್ತಿಗೆ ಅವೂ ಬಂದವು. ಹಾಕಿಸಿಕೊಂಡು, ಹಾರ್ನು ಬಾರಿಸುತ್ತ ಮನೆಗೆ ಬಂದು, ನಾಳೆಯೇ ಹೊರಡೋಣ ಎಂದೆ. ಅಕ್ಕಿ ಆರಿಸುತ್ತಿದ್ದ ಅಕ್ಕ ತಲೆ ಎತ್ತಲಿಲ್ಲ.

"ನಾ ದಿಗ್ವ್ರತ ತಗೊಂಡೀನಿ, ತಮ್ಮಾ."

ದಿಗ್ವ್ರತವೆಂದರೆ ನಾಲ್ಕೂ ದಿಕ್ಕಿಗೆ ಗಡಿ ಹಾಕಿಕೊಂಡು ಜೀವ ಇರುವತನಕ ಅದನ್ನು ದಾಟದಿರುವುದು. ಮಹಾರಾಜರ ಮುಂದೆ ಅವಳು ಹೇಳಿದ ಗಡಿ ನಿಪ್ಪಾಣಿ, ಅಥಣಿ, ರಾಯಬಾಗ, ಕಾಗವಾಡ. ನನ್ನ ಮೇಲೆ ಸಿಟ್ಟೇ ಎಂದು ಕೇಳಿದೆ.

"ಸಿಟ್ಟ ಯಾಕೋ? ಆಸೆ ಇಟಗೊಂಡು ದಿನಾ ಬಾಗಲಾ ನೋಡೂದ್ಕಿಂತ ಬಿಟ್ಟು ಕುಂತ್ರ ಹಗರ ಅನಸ್ತೈತಿ."

ಈಗ ಹಿಮಾಲಯ ಹತ್ತಬಲ್ಲ ಆ ಟೈರುಗಳು ಅಕ್ಕನ ಗಡಿಯೊಳಗೇ ಬಸದಿಯಿಂದ ಬಸದಿಗೆ ಓಡಾಡುತ್ತವೆ, ಭಾರವಿಲ್ಲದೆ ಕುಣಿಯುತ್ತವೆ. ಮೊನ್ನೆ ನಿಪ್ಪಾಣಿಯ ಹೆದ್ದಾರಿಯ ಹತ್ತಿರ ಅಕ್ಕ ಗಾಡಿ ನಿಲ್ಲಿಸಲು ಹೇಳಿದಳು. ಹೋಗುವ ಬರುವ ಗಾಡಿಗಳನ್ನು ಬಹಳ ಹೊತ್ತು ನೋಡಿದಳು.

"ವ್ರತ ನನಗೈತಿ, ನಿನಗಿಲ್ಲಲ್ಲೋ. ನಾ ಬಸ್ಸಿಗೆ ಮನಿಗಿ ಹೋಗ್ತೀನಿ. ನೀನರ ಶಿಖರ್ಜಿ ನೋಡಿ ಬಾ," ಎಂದಳು.

ನಾನು ಇಳಿದು ಗಾಡಿಯನ್ನು ಒಂದು ಸುತ್ತು ಹಾಕಿ, ಪ್ರತಿ ಟೈರನ್ನೂ ಚಪ್ಪಲಿಯಿಂದ ಒದ್ದು ನೋಡಿದೆ. ಹೋಗಬಹುದಿತ್ತು. ಆದರೆ ಹಿಂದಿನ ಬಲಗಡೆಯದರಲ್ಲಿ ಗಾಳಿ ಸ್ವಲ್ಪ ಕಡಿಮೆ ಇದ್ದಂತೆ ಕಂಡಿತು.